ಭೂಪಾಲಿಯ ಗಾಂಧಾರ: ತಂಬೂರಿ ಹೇಳಿದ್ದು ಸರಿಯೋ, ಮೊಬೈಲ್ ಹೇಳಿದ್ದು ಸರಿಯೋ?

ಪ್ರಶ್ನೆ: ಧಾರವಾಡದ ಸಂಗೀತ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಇಪ್ಪತ್ತೆರಡು ವರ್ಷಗಳಿಂದ ಧಾರವಾಡದ ನಮ್ಮ ಮನೆಯಲ್ಲಿಯೇ ಹಿಂದುಸ್ತಾನಿ ಗಾಯನ ಕಲಿಸುತ್ತಿದ್ದೇನೆ. ಕಳೆದ ತಿಂಗಳು ತಾಲೀಮಿನ ಹೊತ್ತಿನಲ್ಲಿ ನಡೆದ ಒಂದು ಸಣ್ಣ ಪ್ರಸಂಗ ಇನ್ನೂ ಮನಸ್ಸಿನಿಂದ ಹೋಗಿಲ್ಲ. ಯಂತ್ರಗಳ ವಿಷಯ ನನಗಿಂತ ಹೆಚ್ಚು ತಿಳಿದವರು ಇಲ್ಲಿ ಇರುವುದರಿಂದ ಅದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಹದಿನಾರು ವರ್ಷದ ಒಬ್ಬ ಶಿಷ್ಯೆ ಭೂಪಾಲಿ ರಾಗ ಹಾಡುತ್ತಿದ್ದಳು. ಶ್ರದ್ಧೆಯುಳ್ಳ ಹುಡುಗಿ, ಬೆಳಿಗ್ಗೆ ಒಂದು ಗಂಟೆ ರಿಯಾಜ್ ಮಾಡದೆ ಕಾಲೇಜಿಗೆ ಹೋಗುವವಳಲ್ಲ. ಆದರೂ ಎರಡು ಮೂರು ವಾರಗಳಿಂದ ಅವಳ ಗಾಂಧಾರ, ಅಂದರೆ 'ಗ' ಸ್ವರ, ತುಸು ಏರಿ ನಿಲ್ಲುತ್ತಿರುವುದು ನನ್ನ ಗಮನಕ್ಕೆ ಬಂದಿತ್ತು. ಭೂಪಾಲಿಯಲ್ಲಿ ಗಾಂಧಾರವೇ ವಾದಿ, ಅಂದರೆ ಮುಖ್ಯ, ಸ್ವರವಾದ್ದರಿಂದ ಅದು ಅಲುಗಿದರೆ ಇಡೀ ರಾಗವೇ ನೆಲೆ ತಪ್ಪಿದಂತೆ ಕೇಳಿಸುತ್ತದೆ. "ಗಾಂಧಾರ ಏರೇದವ್ವಾ, ಒಂಚೂರು ಇಳಸು" ಎಂದೆ. ಇಳಿಸಿದಳು, ಸ್ವರ ತಂಬೂರಿಯೊಳಗೆ ಹೋಗಿ ಕೂತಿತು. ಆದರೆ ಅವಳ ಮುಖದಲ್ಲಿ ಸಮಾಧಾನ ಕಾಣಲಿಲ್ಲ. ಹಿಂಜರಿಯುತ್ತಲೇ ಮೊಬೈಲ್ ತೆಗೆದು ನನ್ನ ಕಡೆ ಹಿಡಿದಳು. "ಅಕ್ಕೋರೆ, ನೀವು ಹೇಳಿದ್ಹಂಗ ಹಾಡಿದ್ರ ಇದು ಕೆಂಪು ತೋರಸ್ತದ್ರಿ. ನಾ ಮೊದಲ ಹಾಡಿದ್ದಕ್ಕ ಹಸಿರು ಬಂದಿತ್ತು" ಎಂದಳು.

ಅವಳು ಮನೆಯಲ್ಲಿ ಶ್ರುತಿ ಅಳೆಯುವ ಆ್ಯಪ್ ಒಂದನ್ನು ಎದುರಿಗಿಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದಾಳೆಂದು ಆಗ ತಿಳಿಯಿತು. ಹಾಡಿದ ಸ್ವರ ಸರಿಯಾದ ಜಾಗದಲ್ಲಿದ್ದರೆ ಪರದೆಯ ಮೇಲೆ ಹಸಿರು ಗೆರೆ, ತಪ್ಪಿದರೆ ಕೆಂಪು. ತಿಂಗಳುಗಟ್ಟಲೆ ಆ ಹಸಿರನ್ನು ಹುಡುಕಿ ಹುಡುಕಿ ಅವಳು ಗಾಂಧಾರವನ್ನು ಮೇಲಕ್ಕೆ ಒಯ್ದಿದ್ದಾಳೆ. ನನ್ನ ಕಿವಿ ತಪ್ಪಿರಬಹುದೇ ಎಂಬ ಅನುಮಾನ ಆ ಕ್ಷಣ ನನಗೂ ಬಂತು ಎಂಬುದನ್ನು ಮುಚ್ಚಿಡುವುದಿಲ್ಲ. ಐವತ್ತು ದಾಟಿದ ಕಿವಿಯ ಮಾತನ್ನು ನಂಬಬೇಕೋ, ಅಂಕಿ ತೋರಿಸುವ ಯಂತ್ರವನ್ನು ನಂಬಬೇಕೋ ಎಂದು ಒಬ್ಬ ಹುಡುಗಿ ಕೇಳಿದರೆ ಏನೆಂದು ಉತ್ತರಿಸಬೇಕು?

ಇದರ ಹಿಂದೆ ಇನ್ನೊಂದು ಚಿಂತೆಯೂ ಇದೆ. ನನ್ನ ಗುರುಗಳ ಮನೆಯಲ್ಲಿ ತಂಬೂರಿಯ ಶ್ರುತಿ ಕೂಡಿಸಲು ಬಾರದವರಿಗೆ ಬಂದಿಶ್ (ರಾಗದಲ್ಲಿ ಕಟ್ಟಿದ ಹಾಡು) ಹೇಳಿಕೊಡುತ್ತಿರಲಿಲ್ಲ. ಇಂದು ನನ್ನ ಹನ್ನೊಂದು ಶಿಷ್ಯರಲ್ಲಿ ತಂಬೂರಿ ಕೂಡಿಸಬಲ್ಲವರು ಇಬ್ಬರೇ. ಉಳಿದವರಿಗೆ ಮೊಬೈಲಿನ ತಂಬೂರಿ ಇದೆ, ಅದು ಎಂದೂ ಶ್ರುತಿ ತಪ್ಪುವುದಿಲ್ಲ. ಯಮನ್ ರಾಗ ಹೇಗಿರುತ್ತದೆ ಎಂದು ಕೇಳಿದರೆ ಹತ್ತು ಗಾಯಕರ ಹೆಸರು ಹೇಳುತ್ತಾರೆ. ಆದರೆ ಯಾರದನ್ನೂ ಐದು ನಿಮಿಷಕ್ಕಿಂತ ಹೆಚ್ಚು ಕೇಳಿರುವುದಿಲ್ಲ. ಮಕ್ಕಳನ್ನು ದೂರುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಹಾಡುವ ಬಗೆ ಮಾತ್ರವಲ್ಲ, ಹಾಡನ್ನು ಕೇಳಿ ಅರ್ಥ ಮಾಡಿಕೊಳ್ಳುವ ಬಗೆಯೇ ಬದಲಾಗುತ್ತಿದೆಯೇ ಎಂಬುದನ್ನು ತಿಳಿಯಬೇಕಾಗಿದೆ.

ಉತ್ತರ: ಧ್ವನಿಮುದ್ರಕ, ಬೆಂಗಳೂರು

ಮೊದಲಿಗೆ, ನಿಮ್ಮ ಕಿವಿ ತಪ್ಪಿಲ್ಲ. ಯಂತ್ರವೂ ಸುಳ್ಳು ಹೇಳಿಲ್ಲ. ಅದು ಬೇರೊಂದು ಪ್ರಶ್ನೆಗೆ ಉತ್ತರ ಕೊಟ್ಟಿದೆ.

ಒಂದು ಷಡ್ಜದಿಂದ, ಅಂದರೆ 'ಸ' ಸ್ವರದಿಂದ, ಅದರ ಮೇಲಿನ ಷಡ್ಜದವರೆಗಿನ ಅಂತರವನ್ನು 1200 ಸೆಂಟ್‌ಗಳೆಂದು ಎಣಿಸುವುದು ವಾಡಿಕೆ. ಪಾಶ್ಚಾತ್ಯ ಕೀಬೋರ್ಡಿನಲ್ಲಿ ಈ ಅಂತರವನ್ನು ಹನ್ನೆರಡು ಸಮಭಾಗ ಮಾಡಿರುವುದರಿಂದ ಅಲ್ಲಿನ ಶುದ್ಧ ಗಾಂಧಾರ ಸರಿಯಾಗಿ 400 ಸೆಂಟ್‌ಗೆ ಬೀಳುತ್ತದೆ. ತಂಬೂರಿಯ ಲೆಕ್ಕ ಹಾಗಲ್ಲ. ಖರ್ಜದ, ಅಂದರೆ ಕೆಳಗಿನ ಷಡ್ಜದ, ತಂತಿಯನ್ನು ಮೀಟಿದಾಗ ಅದರ ಮೂಲನಾದದ ಜೊತೆಗೆ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಐದರಷ್ಟು ಕಂಪನವುಳ್ಳ ಉಪಸ್ವರಗಳೂ ಹುಟ್ಟುತ್ತವೆ. ಐದನೆಯ ಉಪಸ್ವರವೇ ನಾವು ಸ್ವಯಂಭೂ ಗಾಂಧಾರ ಎಂದು ಕರೆಯುವ ಸ್ವರ. ಷಡ್ಜಕ್ಕೂ ಅದಕ್ಕೂ ಇರುವ ಅನುಪಾತ 5:4. ಸೆಂಟ್ ಲೆಕ್ಕದಲ್ಲಿ ಸುಮಾರು 386. ಅಂದರೆ ಕೀಬೋರ್ಡಿನ ಗಾಂಧಾರ ತಂಬೂರಿಯ ಗಾಂಧಾರಕ್ಕಿಂತ 14 ಸೆಂಟ್ ಎತ್ತರದಲ್ಲಿದೆ. ನಿಮ್ಮ ಶಿಷ್ಯೆಯ ಆ್ಯಪ್ ಹಸಿರು ಗೆರೆಯನ್ನು ಎಳೆದಿರುವುದು ಬಹುತೇಕ ಆ 400ರ ಜಾಗದಲ್ಲಿ.

14 ಸೆಂಟ್ ಎಂದರೆ ಅತಿ ಸಣ್ಣದೆಂದು ತೋರಬಹುದು. ಹುಡುಗಿಯ ಶ್ರುತಿ ಕಾಳಿ ಐದು (ಹಾರ್ಮೋನಿಯಂನ ಐದನೆಯ ಕಪ್ಪು ಮನೆ) ಎಂದಿಟ್ಟುಕೊಳ್ಳೋಣ, ಷಡ್ಜ ಸೆಕೆಂಡಿಗೆ 233 ಕಂಪನ. ತಂಬೂರಿಯ ಲೆಕ್ಕದ ಗಾಂಧಾರ 291ರ ಹತ್ತಿರ, ಆ್ಯಪ್ ಬಯಸುವ ಗಾಂಧಾರ 294ರ ಹತ್ತಿರ ಬರುತ್ತದೆ. ಎರಡೂ ಒಟ್ಟಿಗೆ ಮೊಳಗಿದಾಗ ಅವುಗಳ ಮೇಲಿನ ಉಪಸ್ವರಗಳು ಒಂದನ್ನೊಂದು ತಾಗಿ ಸೆಕೆಂಡಿಗೆ ನಾಲ್ಕೈದು ಬಾರಿ ಏರಿಳಿಯುವ ಅಲೆ ಎಬ್ಬಿಸುತ್ತವೆ. ನೀವು "ಏರಿದೆ" ಎಂದು ಗುರುತಿಸಿದ್ದು ಬಹುಶಃ ಆ ಅಲೆಯನ್ನು. "ಕೂತಿತು" ಎಂದದ್ದು ಅದು ನಿಂತುಹೋದ ಕ್ಷಣವನ್ನು.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚುವ ಸಂಗತಿ ಬೇರೆ ಇದೆ. ಈಗಿನ ಒಳ್ಳೆಯ ತಂಬೂರಿ ಆ್ಯಪ್‌ಗಳಲ್ಲಿ ಅನೇಕವು ನಿಜವಾದ ತಂಬೂರಿಯ ನಾದವನ್ನೇ ಮುದ್ರಿಸಿಕೊಂಡು ನುಡಿಸುತ್ತವೆ. ಹೀಗಾಗಿ ಆ ಸ್ವಯಂಭೂ ಗಾಂಧಾರ ಅವುಗಳೊಳಗೂ ಇದ್ದೇ ಇರುತ್ತದೆ. ಒಂದೇ ಮೊಬೈಲಿನಲ್ಲಿ ಒಂದು ಆ್ಯಪ್ 386ರ ಗಾಂಧಾರವನ್ನು ಕೇಳಿಸುತ್ತಿರುವಾಗ ಇನ್ನೊಂದು ಆ್ಯಪ್ 400ಕ್ಕೆ ಹಸಿರು ತೋರಿಸುತ್ತಿರುತ್ತದೆ. ಹುಡುಗಿ ಕಿವಿಗೆ ಬಿದ್ದದ್ದನ್ನು ಬಿಟ್ಟು ಕಣ್ಣಿಗೆ ಕಂಡದ್ದನ್ನು ನಂಬಿದ್ದಾಳೆ. ಬದಲಾವಣೆ ಆಗಿರುವುದು ಇಲ್ಲಿ ಎಂದು ನನಗನ್ನಿಸುತ್ತದೆ: ಸ್ವರ ಸರಿಯೋ ತಪ್ಪೋ ಎಂಬ ತೀರ್ಪು ಕಿವಿಯಿಂದ ಕಣ್ಣಿಗೆ ವರ್ಗವಾಗಿದೆ. ಸಮಭಾಗ ಮಾಡಿದ ಸ್ವರಗಳ ತೊಡಕು ಹೊಸದಲ್ಲ. ಹಾರ್ಮೋನಿಯಂ ನಮ್ಮ ಸ್ವರಗಳಿಗೆ ಒಗ್ಗುವುದಿಲ್ಲವೆಂಬ ವಾದದ ಮೇಲೆ ಆಕಾಶವಾಣಿ 1940ರಿಂದ ಸುಮಾರು ಮೂರು ದಶಕ ಅದನ್ನು ದೂರವಿಟ್ಟಿತ್ತು. ಆದರೆ ಹಾರ್ಮೋನಿಯಂ ಗಾಯಕಿಯನ್ನು ಹಿಂಬಾಲಿಸುತ್ತಿತ್ತೇ ಹೊರತು ಅವಳಿಗೆ ಅಂಕ ಕೊಡುತ್ತಿರಲಿಲ್ಲ.

ಸ್ಟುಡಿಯೋದಲ್ಲಿ ನಾವು ಮಾಡುವುದೂ ಕಣ್ಣಿನಿಂದ ಸ್ವರ ಅಳೆಯುವ ಇದೇ ಕೆಲಸ. ಹಾಡಿದ ಸ್ವರದ ಶ್ರುತಿಯನ್ನು ತಿದ್ದುವ ಆಟೋ-ಟ್ಯೂನ್ ಎಂಬ ತಂತ್ರಾಂಶ 1997ರಲ್ಲಿ ಬಂತು. ಅದನ್ನು ರೂಪಿಸಿದ ಆ್ಯಂಡಿ ಹಿಲ್ಡಿಬ್ರ್ಯಾಂಡ್ ಅದಕ್ಕೂ ಮೊದಲು ನೆಲದೊಳಗೆ ಕಳಿಸಿದ ಕಂಪನಗಳ ಪ್ರತಿಧ್ವನಿಯಿಂದ ತೈಲ ಎಲ್ಲಿದೆ ಎಂದು ಪತ್ತೆ ಹಚ್ಚುವ ಗಣಿತದಲ್ಲಿ ಕೆಲಸ ಮಾಡಿದವರು. ಆನಂತರ ಬಂದ ಮೆಲೊಡೈನ್‌ನಲ್ಲಿ ಹಾಡಿದ ಪ್ರತಿ ಸ್ವರವೂ ಪರದೆಯ ಮೇಲೆ ಒಂದು ಉಂಡೆಯಂತೆ ಕಾಣುತ್ತದೆ. ಮೌಸ್ ಹಿಡಿದು ಅದನ್ನು ಮೇಲೆ ಕೆಳಗೆ ಸರಿಸಬಹುದು. ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೇ ಒಂದು ತಪ್ಪು ಮಾಡಿದ್ದೆ. ಹಿರಿಯ ಗಾಯಕರೊಬ್ಬರ ದರಬಾರಿ ಕಾನಡಾ ಮುದ್ರಿಸಿದ ಮೇಲೆ ಕೋಮಲ ಗಾಂಧಾರದ ಉಂಡೆ ಅಲುಗಾಡುತ್ತಿರುವುದು ಕಂಡು, ಸರಿಪಡಿಸುತ್ತಿದ್ದೇನೆಂದು ಭಾವಿಸಿ, ಅದನ್ನು ನೆಟ್ಟಗೆ ಮಾಡಿಬಿಟ್ಟೆ. ಆ ಗಾಂಧಾರದ ಜೀವವೇ ಅದರ ಆಂದೋಲನ. ಅವರು ಕೇಳಿದರು, ಸ್ವಲ್ಪ ಹೊತ್ತು ಸುಮ್ಮನಿದ್ದರು, "ಇಲ್ಲಿ ನಾನು ಹಾಡಿಲ್ಲ" ಎಂದಷ್ಟೇ ಹೇಳಿದರು. ಆ ಮಾತು ಇಂದಿಗೂ ನೋಯುತ್ತದೆ. ಅಂದಿನಿಂದ ಶಾಸ್ತ್ರೀಯ ಗಾಯನದ ಮುದ್ರಣಕ್ಕೆ ಆ ಉಪಕರಣವನ್ನು ಮುಟ್ಟಿಲ್ಲ.

ಒಂದು ಎಚ್ಚರಿಕೆಯ ಮಾತು. 386 ಎಂಬುದನ್ನೂ ಹೊಸ ಹಸಿರು ಗೆರೆ ಮಾಡಿಕೊಳ್ಳಬೇಡಿ. ದೊಡ್ಡ ಗಾಯಕರ ಮುದ್ರಣಗಳನ್ನು ಅಳೆದು ನೋಡಿದರೆ ಅವರ ಗಾಂಧಾರವೂ ಒಂದು ಬಿಂದುವಿನಲ್ಲಿ ನಿಂತಿರುವುದಿಲ್ಲ. ರಿಷಭದಿಂದ ಏರಿ ಬರುವಾಗ ಒಂದು ಬಗೆ, ಪಂಚಮದಿಂದ ಇಳಿದು ಬರುವಾಗ ಇನ್ನೊಂದು ಬಗೆ. ನ್ಯಾಸ ಮಾಡಿ ನಿಂತಾಗ ಮಾತ್ರ ಅದು ತಂಬೂರಿಯ ಮನೆ ಸೇರುತ್ತದೆ.

ಉತ್ತರ: ಹಳೆಯ ಗ್ರಾಮಫೋನ್ ತಟ್ಟೆಗಳ ಸಂಗ್ರಾಹಕ, ಬೆಳಗಾವಿ

ಧ್ವನಿಮುದ್ರಕರು ಗಾಂಧಾರದ ಲೆಕ್ಕವನ್ನು ಚೆನ್ನಾಗಿ ಬಿಡಿಸಿದ್ದಾರೆ. ಅಕ್ಕೋರ ಎರಡನೆಯ ಚಿಂತೆಯ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ.

ಮಕ್ಕಳು ಐದು ನಿಮಿಷಕ್ಕಿಂತ ಹೆಚ್ಚು ಕೇಳುವುದಿಲ್ಲ ಎನ್ನುತ್ತೀರಿ. 1902ರಲ್ಲಿ ಕಲಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಗ್ರಾಮಫೋನ್ ಕಂಪನಿಗಾಗಿ ಹಾಡಿದಾಗ ಅವರಿಗೆ ಸಿಕ್ಕಿದ್ದು ಸುಮಾರು ಮೂರು ನಿಮಿಷ. ಅಲ್ಲಿಂದ ಮುಂದಿನ ಅರ್ಧ ಶತಮಾನ ನಮ್ಮ ಘರಾಣೆಗಳ (ಗಾಯನ ಪರಂಪರೆಗಳ) ಮಹಾ ಗಾಯಕರಲ್ಲಿ ಅನೇಕರು ರಾಗವನ್ನು ಮೂರು ಮೂರೂವರೆ ನಿಮಿಷದ ತಟ್ಟೆಯೊಳಗೆ ಇಳಿಸಿಕೊಟ್ಟರು. ಮನೆಯಲ್ಲಿ ಎರಡು ಗಂಟೆ ಬಿಚ್ಚುವ ರಾಗವನ್ನು ಅಷ್ಟು ಹೊತ್ತಿನಲ್ಲಿ ಹೇಳಬೇಕಾದರೆ ಆಲಾಪವನ್ನು ಬಿಗಿ ಮಾಡಬೇಕು, ರಾಗದ ಮುಖ ಮೊದಲ ಉಸಿರಿನಲ್ಲೇ ಕಾಣಬೇಕು. ಅದನ್ನು ಅವರು ಒಂದು ಕಲೆಯಾಗಿಯೇ ಸಾಧಿಸಿದರು. ಅಂತಹ ಒಂದು ತಟ್ಟೆಯನ್ನು, ಖಾನ್ ಸಾಹೇಬ್ ಅಬ್ದುಲ್ ಕರೀಂ ಖಾನರ ಹಾಡನ್ನು, ಅಂಗಡಿಯ ಮುಂದೆ ನಿಂತು ಕೇಳಿದ ಗದುಗಿನ ಹುಡುಗ 1933ರಲ್ಲಿ ಗುರುವನ್ನು ಹುಡುಕಿ ಮನೆ ಬಿಟ್ಟ. ಆಮೇಲೆ ಅದೇ ಖಾನ್ ಸಾಹೇಬರ ಶಿಷ್ಯರಾದ ಸವಾಯಿ ಗಂಧರ್ವರ ಬಳಿ ಕುಂದಗೋಳದಲ್ಲಿ ಕಲಿತು ಭೀಮಸೇನ ಜೋಶಿಯವರಾದ. ಮೂರು ನಿಮಿಷ ಕೇಳುವುದು ಕಡಿಮೆಯೆಂದು ಹೇಗೆ ಹೇಳುವುದು?

ವ್ಯತ್ಯಾಸ ನಿಮಿಷಗಳಲ್ಲಿ ಇಲ್ಲ, ಮರಳಿ ಕೇಳುವುದರಲ್ಲಿದೆ. ನಮ್ಮ ತಂದೆಯವರ ಕಾಲಕ್ಕೆ ಮನೆಯಲ್ಲಿದ್ದದ್ದು ಹದಿನಾಲ್ಕು ತಟ್ಟೆ. ಬೇರೆ ಇಲ್ಲವಾದ್ದರಿಂದ ಅವನ್ನೇ ನೂರಾರು ಸಲ ಹಾಕುತ್ತಿದ್ದರು. ತಾನಿನ ಯಾವ ತಿರುವಿನಲ್ಲಿ ಗಾಯಕ ಉಸಿರು ತೆಗೆದುಕೊಳ್ಳುತ್ತಾನೆ ಎಂಬುದೂ ನಮಗೆ ಬಾಯಿಪಾಠವಾಗಿತ್ತು. ಈಗ ಒಂದು ಯಮನ್ ಮುಗಿಯುವ ಮುನ್ನವೇ ಇನ್ನೊಂದು ಯಮನ್ ಪಕ್ಕದಲ್ಲಿ ಕಾದಿರುತ್ತದೆ. ಸಿಗದ ವಸ್ತುವನ್ನು ಹುಡುಕಿ ಪಡೆಯುವ ಶ್ರಮ ತಪ್ಪಿದ್ದು ಒಳ್ಳೆಯದೇ. ಆ ಶ್ರಮದ ಜೊತೆಗೆ ಬರುತ್ತಿದ್ದ ಏಕಾಗ್ರತೆಯನ್ನು ಈಗ ನಾವೇ ಬೇರೆ ದಾರಿಯಿಂದ ತಂದುಕೊಳ್ಳಬೇಕಾಗಿದೆ.

ನಕಲು ಮಾಡುತ್ತಾರೆ ಎಂಬ ದೂರನ್ನೂ ಆಗಾಗ ಕೇಳುತ್ತೇನೆ. ನಮ್ಮ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ಬಾಲ್ಯದಲ್ಲಿ ಪ್ರಸಿದ್ಧರಾದದ್ದೇ ತಟ್ಟೆಗಳಲ್ಲಿ ಕೇಳಿದ ದೊಡ್ಡವರ ಗಾಯನವನ್ನು ಹಾಗೆಯೇ ಹಾಡಿ ತೋರಿಸಿದ್ದರಿಂದ. ಆದರೆ ಅವರ ಕತೆ ಅಲ್ಲಿಗೆ ನಿಲ್ಲಲಿಲ್ಲ. ಮುಂಬಯಿಯಲ್ಲಿ ಬಿ.ಆರ್. ದೇವಧರರ ಬಳಿ ವರ್ಷಗಟ್ಟಲೆ ಕಲಿತರು. ಕ್ಷಯರೋಗದಿಂದ ದೇವಾಸದಲ್ಲಿ ಹಲವು ವರ್ಷ ಹಾಡಲಾಗದೆ ಮಲಗಿದರು. ಆ ಮೌನದಿಂದ ಎದ್ದು ಬಂದಾಗ ಅವರ ಹಾಡು ಬೇರೆ ಯಾರ ಹಾಡಿನಂತೆಯೂ ಇರಲಿಲ್ಲ. ನಕಲಿನಿಂದ ಆರಂಭಿಸುವುದು ದೋಷವಲ್ಲ. ಅಲ್ಲಿಂದ ಹೊರಬರಲು ಬೇಕಾದ ಕಾಲವನ್ನು ಇಂದಿನ ಮಕ್ಕಳಿಗೆ ನಾವು ಕೊಡುತ್ತಿದ್ದೇವೆಯೇ? ಎಂಟನೆಯ ತಿಂಗಳಿಗೇ ವಿಡಿಯೋ ಮಾಡಿ ಹಾಕಿಸುವವರು ದೊಡ್ಡವರೇ.

ಡಿಜಿಟಲ್ ತಂತ್ರ ನನಗೆ ಕೊಟ್ಟ ಒಂದು ದೊಡ್ಡ ಉಪಕಾರವನ್ನೂ ಹೇಳಬೇಕು. ಗಂಗೂಬಾಯಿ ಹಾನಗಲ್ಲರ ಗಂಭೀರ, ಘನವಾದ ಧ್ವನಿ ಎಲ್ಲರಿಗೂ ಗೊತ್ತು. ಆದರೆ 1930ರ ದಶಕದ ಅವರ ತಟ್ಟೆಗಳಲ್ಲಿ ಕೇಳುವುದು ತೆಳುವಾದ, ಎತ್ತರದ ಶ್ರುತಿಯ ಧ್ವನಿ. ಗಂಟಲಿನ ತೊಂದರೆ, ಚಿಕಿತ್ಸೆಗಳ ನಂತರ ಆ ಧ್ವನಿ ಬದಲಾಯಿತು. ಬದಲಾದ ಧ್ವನಿಯಲ್ಲಿಯೇ ಅವರು ತಮ್ಮ ಗಾಯನವನ್ನು ಹೊಸದಾಗಿ ಕಟ್ಟಿಕೊಂಡರು. ಹಿಂದೆ ಇದನ್ನು ಹೇಳಿದರೆ ಯಾರೂ ನಂಬುತ್ತಿರಲಿಲ್ಲ, ತಟ್ಟೆ ಇದ್ದವರ ಮನೆಗೆ ಹೋಗಬೇಕಿತ್ತು. ಈಗ ಹತ್ತು ನಿಮಿಷದಲ್ಲಿ ಎರಡನ್ನೂ ಒಂದರ ಪಕ್ಕ ಒಂದಿಟ್ಟು ಕೇಳಬಹುದು. ಒಬ್ಬ ಕಲಾವಿದೆಯ ಬದುಕನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ದೊಡ್ಡ ಸಹಾಯ ಯಾವುದಿದೆ?

ಆದರೆ ಜಾಲತಾಣದಲ್ಲಿ ಸಿಗುವ ಹಳೆಯ ಮುದ್ರಣಗಳ ಶ್ರುತಿಯನ್ನು ಕಣ್ಣು ಮುಚ್ಚಿ ನಂಬಬೇಡಿ. ಆ ಕಾಲದ ತಟ್ಟೆಗಳೆಲ್ಲ ನಿಮಿಷಕ್ಕೆ 78 ಸುತ್ತಿನಲ್ಲೇ ಮುದ್ರಿತವಾದವಲ್ಲ. 74 ಸುತ್ತಿನಲ್ಲಿ ಮುದ್ರಿಸಿದ್ದನ್ನು 78ರಲ್ಲಿ ತಿರುಗಿಸಿ ಮೊಬೈಲಿಗೆ ಇಳಿಸಿದರೆ ಇಡೀ ಹಾಡು ಹೆಚ್ಚುಕಡಿಮೆ ಅರ್ಧ ಸ್ವರದಷ್ಟು ಏರುತ್ತದೆ, ಲಯವೂ ಚುರುಕಾಗುತ್ತದೆ. ಕರಕರ ಸದ್ದು ತೆಗೆಯುವ ಭರದಲ್ಲಿ ತಂಬೂರಿಯನ್ನೇ ಒರೆಸಿಹಾಕಿದ ಪ್ರತಿಗಳನ್ನೂ ಕೇಳಿದ್ದೇನೆ.

ಉತ್ತರ: ಕ್ಯಾಲಿಫೋರ್ನಿಯಾದ ಕನ್ನಡತಿ, ವಿದ್ಯಾರ್ಥಿನಿ

ತಂಬೂರಿಯನ್ನು ಒರೆಸಿಹಾಕುವ ಮಾತು ಬಂದದ್ದರಿಂದ ನನ್ನ ಅನುಭವ ಬರೆಯುತ್ತೇನೆ. ಆರು ವರ್ಷಗಳಿಂದ ಬೆಂಗಳೂರಿನಲ್ಲಿರುವ ಗುರುಗಳಿಂದ ಆನ್‌ಲೈನ್ ಪಾಠ ಹೇಳಿಸಿಕೊಳ್ಳುತ್ತಿದ್ದೇನೆ. ಈ ವ್ಯವಸ್ಥೆ ಇಲ್ಲದಿದ್ದರೆ ಎರಡು ಮಕ್ಕಳ ತಾಯಿಯಾದ ನಾನು ನಲವತ್ತರ ವಯಸ್ಸಿನಲ್ಲಿ ಸಂಗೀತಕ್ಕೆ ಮರಳುತ್ತಲೇ ಇರಲಿಲ್ಲ. ಆದ್ದರಿಂದ ಕೃತಜ್ಞತೆಯಿಂದಲೇ ಇದನ್ನು ಹೇಳುತ್ತಿದ್ದೇನೆ.

ಮೊದಲ ವರ್ಷ ಗುರುಗಳ ಧ್ವನಿ ಕೇಳುತ್ತಿತ್ತು, ಅವರ ಹಿಂದಿನ ತಂಬೂರಿ ಕೇಳುತ್ತಿರಲಿಲ್ಲ. ಅವರು ಆಲಾಪಕ್ಕೆ ತೊಡಗಿದಾಗ ತಂಬೂರಿ ಒಂದು ಕ್ಷಣ ಕಾಣಿಸಿಕೊಂಡು ಮಾಯವಾಗುತ್ತಿತ್ತು. ಆಮೇಲೆ ತಿಳಿದದ್ದೇನೆಂದರೆ ಮಾತುಕತೆಗಾಗಿ ಮಾಡಿದ ಈ ತಂತ್ರಾಂಶಗಳು ಒಂದೇ ಸಮನೆ ಬರುವ ಸದ್ದನ್ನು ಫ್ಯಾನಿನ ಸದ್ದೆಂದು, ಗದ್ದಲವೆಂದು ತಿಳಿದು ತೆಗೆದುಹಾಕುತ್ತವೆ. ತಂಬೂರಿಯ ಗುಣವೇ ಒಂದೇ ಸಮನೆ ಮೊಳಗುವುದು. ಮೂಲ ಧ್ವನಿಯನ್ನು ಹಾಗೆಯೇ ಕಳಿಸುವ ಆಯ್ಕೆಯೊಂದು ಒಳಗೆ ಇರುತ್ತದೆ. ಅದನ್ನು ಎರಡೂ ಕಡೆ ಹಾಕಿಕೊಂಡ ದಿನ ಪಾಠದ ಅನುಭವವೇ ಬದಲಾಯಿತು. ಇಲ್ಲಿ ಆನ್‌ಲೈನ್ ಕಲಿಯುವವರು ಯಾರಾದರೂ ಇದ್ದರೆ ದಯವಿಟ್ಟು ಇಂದೇ ನೋಡಿಕೊಳ್ಳಿ.

ಆಯ್ಕೆ ಬದಲಿಸಿ ಸರಿಪಡಿಸಲಾಗದ ತೊಂದರೆಯೂ ಒಂದಿದೆ. ಬೆಂಗಳೂರಿಗೂ ನನಗೂ ನಡುವೆ ಸುಮಾರು ಹದಿನಾಲ್ಕು ಸಾವಿರ ಕಿಲೋಮೀಟರ್. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಸಾಗುತ್ತದೆ. ನೇರ ದಾರಿ ಇದ್ದರೂ ಹೋಗಿ ಬರಲು ಸೆಕೆಂಡಿನ ಏಳನೆಯ ಒಂದು ಭಾಗ ಬೇಕೇ ಬೇಕು, ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು. ಹೀಗಾಗಿ ಗುರುಗಳ ಜೊತೆ ಒಂದೇ ಉಸಿರಿನಲ್ಲಿ ಹಾಡುವುದು ಸಾಧ್ಯವಿಲ್ಲ. ಅವರು ಹಾಡಿ ನಿಲ್ಲಿಸಬೇಕು, ಆಮೇಲೆ ನಾನು ಹಾಡಬೇಕು. ಚಿಕ್ಕವಳಿದ್ದಾಗ ಮೈಸೂರಿನಲ್ಲಿ ಗುರುಗಳ ಹಿಂದೆ ಕೂತು ಅವರ ಧ್ವನಿಗೆ ಧ್ವನಿ ಕೂಡಿಸುತ್ತಿದ್ದೆ; ಅವರು ಸ್ವರವನ್ನು ತೂಗಿದರೆ ನನ್ನ ಗಂಟಲೂ ತಾನಾಗಿ ತೂಗುತ್ತಿತ್ತು. ಆ ಕಲಿಕೆ ಬುದ್ಧಿಯ ಮೂಲಕ ಬಂದದ್ದಲ್ಲ. ಈಗ ಕೇಳಿ, ನೆನಪಿಟ್ಟು, ಆಮೇಲೆ ಹೇಳುತ್ತೇನೆ. ತಪ್ಪುಗಳು ಕಡಿಮೆಯಾಗಿವೆ, ಆದರೆ ಮೀಂಡಿನ (ಸ್ವರದಿಂದ ಸ್ವರಕ್ಕೆ ಜಾರುವ ಬಗೆ) ಒಳಗಿನ ತೂಕ ನನಗೆ ಇನ್ನೂ ದಕ್ಕಿಲ್ಲ. ಎರಡು ವರ್ಷಕ್ಕೊಮ್ಮೆ ಊರಿಗೆ ಬಂದು ಅವರ ಎದುರು ಕೂತಾಗ ಮೂರೇ ದಿನದಲ್ಲಿ ಅದು ಸ್ವಲ್ಪ ಬರುತ್ತದೆ, ಹಿಂದಿರುಗಿದ ಮೇಲೆ ಮತ್ತೆ ಜಾರುತ್ತದೆ.

ಪಾಠಗಳನ್ನೆಲ್ಲ ಮುದ್ರಿಸಿಕೊಳ್ಳುತ್ತೇನೆ. ಒಮ್ಮೆ ಗುರುಗಳು ಬಾಗೇಶ್ರೀಯ ಒಂದು ಬಂದಿಶನ್ನು ಹಿಂದಿನ ವಾರಕ್ಕಿಂತ ಬೇರೆ ರೀತಿ ಎತ್ತಿಕೊಂಡಾಗ "ಕಳೆದ ಸಲ ಹೀಗಿರಲಿಲ್ಲ, ಮುದ್ರಣ ಇದೆ" ಎಂದುಬಿಟ್ಟೆ. ಅವರು ಬೇಸರಿಸಲಿಲ್ಲ, ಅದೇ ಸಾಲನ್ನು ಇನ್ನೂ ನಾಲ್ಕು ಬಗೆಯಲ್ಲಿ ಹಾಡಿದರು. ಒಂದು ಪ್ರತಿ ಕೈಯಲ್ಲಿದ್ದರೆ ಅದೇ ಮೂಲವೆಂದು ಭಾವಿಸುವ ಅಭ್ಯಾಸ ನನಗೇ ಗೊತ್ತಿಲ್ಲದೆ ಬಂದಿತ್ತು. ಈಗ ಮುದ್ರಣವನ್ನು ಪಾಠವಾದ ಮೂರು ದಿನ ಮುಟ್ಟುವುದಿಲ್ಲ. ಮೊದಲು ನೆನಪಿನಿಂದ ಹಾಡುತ್ತೇನೆ, ಆಮೇಲೆ ತೆರೆದು ನೋಡುತ್ತೇನೆ.

ಉತ್ತರ: ಜವಾರಿ, ಮೀರಜ್ ಹಾದಿಯವ

ತಂಬೂರಿ ದುರಸ್ತಿಯನ್ನು ಮೀರಜ್‌ನಲ್ಲಿ ನೋಡಿ ಕಲಿತವನು ನಾನು. ವಾದ್ಯದ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ.

ತಂಬೂರಿಯ ಕುದುರೆ ಚಪ್ಪಟೆಯಾಗಿ ಕಂಡರೂ ಅದರ ಮೈ ಸಣ್ಣಗೆ ಬಾಗಿರುತ್ತದೆ. ತಂತಿ ಆ ಬಾಗಿನ ಮೇಲೆ ಸವರುತ್ತ ಮಿಡಿಯುತ್ತದೆ. ನಡುವೆ ಒಂದು ನೂಲೆಳೆ ಸರಿಸಿ ಸರಿಯಾದ ಜಾಗ ಹುಡುಕಿದಾಗ ನಾದ ತೆರೆದುಕೊಳ್ಳುತ್ತದೆ. ಇದೇ ಜವಾರಿ. ತಂತಿಯನ್ನು ಮೀಟಿದ ಜಾಗದಲ್ಲಿ ಯಾವ ಉಪಸ್ವರದ ನಿಶ್ಚಲ ಬಿಂದು ಇರುತ್ತದೋ ಆ ಉಪಸ್ವರ ಹುಟ್ಟಬಾರದೆಂದು ಭೌತಶಾಸ್ತ್ರದ ನಿಯಮವೊಂದಿದೆ. ತಂಬೂರಿ ಮತ್ತು ವೀಣೆಯಲ್ಲಿ ಅಂತಹ ಉಪಸ್ವರಗಳೂ ಕೇಳುತ್ತವೆ ಎಂದು ಸಿ.ವಿ. ರಾಮನ್ 1921ರಲ್ಲಿಯೇ ಬರೆದರು, ಅದಕ್ಕೆ ಕುದುರೆಯ ಈ ರಚನೆಯೇ ಕಾರಣವೆಂದರು.

ಹುಡುಗಿಯ ಕೈಯಲ್ಲಿರುವುದು ಮೊಬೈಲಿನ ಸಣ್ಣ ಸ್ಪೀಕರ್. ಕಾಳಿ ಒಂದರ ಶ್ರುತಿಗೆ ಕೂಡಿಸಿದ ಖರ್ಜದ ತಂತಿಯ ಮೂಲನಾದ ಸೆಕೆಂಡಿಗೆ 69 ಕಂಪನ, ಕಾಳಿ ಐದಕ್ಕೆ 116. ಕಾಸಿನಗಲದ ಸ್ಪೀಕರ್ ಅಷ್ಟು ಕೆಳಗಿನ ನಾದವನ್ನು ಹೊರಡಿಸಲಾರದು. ನಮಗೆ ಖರ್ಜ ಕೇಳಿದಂತೆ ಅನ್ನಿಸುವುದು ಮೇಲಿನ ಉಪಸ್ವರಗಳಿಂದ ಮಿದುಳು ಅದನ್ನು ಊಹಿಸಿಕೊಳ್ಳುವುದರಿಂದ. ನೆಲದ ಮೇಲೆ ಕೂತು ತಂಬೂರಿಯನ್ನು ಹೆಗಲಿಗೆ ಆನಿಸಿಕೊಂಡಾಗ ಬುರುಡೆಯ ಅದುರು ತೊಡೆಗೆ, ದಂಡಿಯ ಅದುರು ಭುಜಕ್ಕೆ ತಾಕುತ್ತದಲ್ಲ, ಆ ಖರ್ಜ ಊಹೆಯದಲ್ಲ. ಆ್ಯಪ್ ಬಳಸುವುದಾದರೆ ಒಳ್ಳೆಯ ಸ್ಪೀಕರಿಗಾದರೂ ಜೋಡಿಸಲು ಹೇಳಿ. ಬೆಂಗಳೂರಿನ ಎಂಜಿನಿಯರ್, ಕೊಳಲುವಾದಕ ಜಿ. ರಾಜನಾರಾಯಣ ಅವರು ಎಲೆಕ್ಟ್ರಾನಿಕ್ ತಂಬೂರಿ ತಂದ ಕಾಲದಿಂದ, ಅಂದರೆ ನಾಲ್ಕು ದಶಕಕ್ಕೂ ಹಿಂದಿನಿಂದ, ಪ್ರಯಾಣದಲ್ಲಿರುವ ಕಲಾವಿದರಿಗೆ, ಬಾಡಿಗೆ ಮನೆಯ ಮಕ್ಕಳಿಗೆ ಈ ಪೆಟ್ಟಿಗೆಗಳು ಆಸರೆಯಾಗಿವೆ. ಅವನ್ನು ಹಗುರವಾಗಿ ಕಾಣುವುದು ಸಲ್ಲದು.

ಆದರೆ ಎಂದೂ ಶ್ರುತಿ ತಪ್ಪದ ತಂಬೂರಿಯಿಂದ ಶ್ರುತಿ ಕೂಡಿಸುವುದನ್ನು ಕಲಿಯಲಾಗದು. ಮಳೆಗಾಲದಲ್ಲಿ ತಂತಿ ಇಳಿಯಬೇಕು, ಬಿರಡೆ ಜಾರಬೇಕು, ಶ್ರುತಿ ತಿದ್ದುವ ಮಣಿ ಸರಿಸಬೇಕು. ಕೂಡದ ಎರಡು ಜೋಡಿನ ತಂತಿಗಳ (ಒಂದೇ ಷಡ್ಜಕ್ಕೆ ಕೂಡಿಸುವ ತಂತಿಗಳು) ನಡುವೆ ಏಳುವ ಅಲೆ ನಿಧಾನವಾಗುತ್ತಾ ಹೋಗಿ ನಿಲ್ಲುವುದನ್ನು ಕಿವಿ ಹಿಂಬಾಲಿಸಬೇಕು. ಅಕ್ಕೋರೆ, ಒಂದು ಕೆಲಸ ಮಾಡಿ. ಆ ಹುಡುಗಿಗೆ ಆ್ಯಪ್ ಬಿಡು ಎನ್ನಬೇಡಿ. ನಿಮ್ಮ ತಂಬೂರಿಯ ಖರ್ಜವನ್ನು ಮಾತ್ರ ಮೀಟಿ, ಕತ್ತಲೆಯ ಕೋಣೆಯಲ್ಲಿ ಕಣ್ಣು ಮುಚ್ಚಿಸಿ, ಅದರೊಳಗೆ ಗಾಂಧಾರ ಎಲ್ಲಿದೆ ಎಂದು ಅವಳೇ ಹುಡುಕಲಿ. ಸಿಕ್ಕ ಮೇಲೆ ಅದನ್ನೇ ಹಾಡಲಿ. ಆಮೇಲೆ ಬೇಕಾದರೆ ಮೊಬೈಲ್ ತೆಗೆದು ಎಷ್ಟು ಕೆಂಪು ಎಂದು ನೋಡಿಕೊಳ್ಳಲಿ.

ಧಾರವಾಡದ ಸಂಗೀತ ಶಿಕ್ಷಕಿ, ಐದು ವಾರಗಳ ನಂತರ

ಎಲ್ಲರಿಗೂ ಋಣಿಯಾಗಿದ್ದೇನೆ. ಧ್ವನಿಮುದ್ರಕರ ಉತ್ತರವನ್ನು ಶಿಷ್ಯೆಗೆ ಓದಿ ಹೇಳಿದೆ. ಅವಳು ಆ್ಯಪ್‌ನ ಒಳಗೆ ಹುಡುಕಿ ಸ್ವರಗಳ ಜಾಗವನ್ನು ಬದಲಿಸುವ ಆಯ್ಕೆಯನ್ನು ಕಂಡುಕೊಂಡಳು. ಗಾಂಧಾರವನ್ನು 386ಕ್ಕೆ ಇಟ್ಟು ನನಗೆ ತೋರಿಸಿ, ಈಗ ನಿಮ್ಮ ಗಾಂಧಾರಕ್ಕೂ ಹಸಿರು ಬರುತ್ತದೆ ಎಂದು ಸಂತೋಷಪಟ್ಟಳು. ಆ ಸಂತೋಷವನ್ನು ಕೆಡಿಸಲು ಮನಸ್ಸಾಗಲಿಲ್ಲ. ಆದರೆ ಅದೇ ದಿನ ರಿಷಭದಿಂದ ಏರಿ ಗಾಂಧಾರಕ್ಕೆ ಬರುವಾಗ ಪರದೆಯ ಗೆರೆ ಹೇಗೆ ಅಲೆದಾಡುತ್ತದೆ ಎಂಬುದನ್ನು ಇಬ್ಬರೂ ಕೂತು ನೋಡಿದೆವು. ನಾನು ಹಾಡಿದಾಗಲೂ ಅಲೆದಾಡಿತು. "ಇದು ತಪ್ಪೇನ್ರಿ?" ಎಂದು ಕೇಳಿದಳು. ತಪ್ಪಲ್ಲ, ಇದೇ ದಾರಿ ಎಂದೆ.

ಜವಾರಿ ಅವರು ಹೇಳಿದ ಪ್ರಯೋಗವನ್ನು ಸಂಜೆಯ ಹೊತ್ತು ದೀಪ ಆರಿಸಿ ಮಾಡಿದೆವು. ಮೊದಲ ಮೂರು ದಿನ ಅವಳಿಗೆ ಖರ್ಜದೊಳಗೆ ಷಡ್ಜ, ಪಂಚಮ ಬಿಟ್ಟರೆ ಏನೂ ಕೇಳಲಿಲ್ಲ. ನಾನು ಗಾಂಧಾರ ಹಾಡಿ ಸುಳಿವು ಕೊಡಬಹುದಿತ್ತು, ಕೊಡಲಿಲ್ಲ. ನಾಲ್ಕನೆಯ ಸಂಜೆ ನಾನು ಮೀಟುತ್ತಿರುವಾಗಲೇ ನನ್ನ ಕೈ ಹಿಡಿದು ನಿಲ್ಲಿಸಿದಳು. ನಾದ ಇಳಿದು ಹೋಗುವ ಕೊನೆಯಲ್ಲಿ ಅದು ಅವಳಿಗೆ ಕೇಳಿತ್ತು.

ಈಗ ಗುರುವಾರಗಳಂದು ಹನ್ನೊಂದೂ ಮಂದಿ ಸರದಿಯಂತೆ ತಂಬೂರಿ ಕೂಡಿಸಬೇಕೆಂದು ಇಟ್ಟಿದ್ದೇನೆ. ಇದಕ್ಕೆ ಮೊದಲ ಅರ್ಧ ಗಂಟೆ ಪೂರ್ತಿ ಹೋಗುತ್ತದೆ; ಪಾಠ ಕಡಿಮೆಯಾಯಿತೆಂದು ಇಬ್ಬರು ತಂದೆತಾಯಿಯರು ಬಂದು ಕೇಳಿಯೂ ಹೋದರು. ಸಂಗ್ರಾಹಕರ ಮಾತಿನಂತೆ ತಿಂಗಳಿಗೆ ಒಂದೇ ಒಂದು ಮೂರು ನಿಮಿಷದ ಹಳೆಯ ಮುದ್ರಣವನ್ನು ಕೊಟ್ಟು ಅದನ್ನೇ ದಿನವೂ ಕೇಳಲು ಹೇಳಿದ್ದೇನೆ. ಈ ಸಲದ್ದು ಖಾನ್ ಸಾಹೇಬರದು. ಅದರ ವೇಗ ಸರಿಯಿದೆಯೇ ಎಂದು ನೋಡಿಕೊಡುವುದಾಗಿ ಸಂಗ್ರಾಹಕರೇ ಒಪ್ಪಿದ್ದಾರೆ.

ನಿನ್ನೆ ಜೋರು ಮಳೆ. ತಾಲೀಮಿನ ನಡುವೆ ಆ ಹುಡುಗಿ ಹಾಡುವುದನ್ನು ನಿಲ್ಲಿಸಿ, "ಖರ್ಜ ಇಳದದ್ರಿ ಅಕ್ಕೋರೆ" ಎಂದಳು. ನನಗೆ ಕೇಳಿರಲಿಲ್ಲ. ಕಿವಿಗೊಟ್ಟು ಮತ್ತೊಮ್ಮೆ ಮೀಟಿದೆ, ಕೂದಲೆಳೆಯಷ್ಟು ಇಳಿದಿತ್ತು. ತಂಬೂರಿಯನ್ನು ಅವಳ ಕಡೆ ಸರಿಸಿದೆ, ಅವಳೇ ಮಣಿ ಸರಿಸಿ ಕೂಡಿಸಿಕೊಂಡು ಹಾಡು ಮುಂದುವರಿಸಿದಳು.